ವಿಲಾಂದ್ರಿಯ ತೋಟ: ಮೂಲವೋ, ಪ್ರಕ್ಷಿಪ್ತವೋ?

ಫ್ರಾನ್ಸಿನ ಲ್ವಾರ್ ಕಣಿವೆಯಲ್ಲಿ ಅರಮನೆಗಳಿಗೆ ಬರವಿಲ್ಲ. ಆದರೆ ತೂರ್ ನಗರದ ಪಶ್ಚಿಮಕ್ಕೆ ಶೇರ್ ನದಿಯ ಬಳಿಯಿರುವ ವಿಲಾಂದ್ರಿಗೆ ಜನ ಹೋಗುವುದು ಅರಮನೆಗಿಂತ ಹೆಚ್ಚಾಗಿ ಅದರ ತೋಟಕ್ಕಾಗಿ. ನಾನು ಹೋದದ್ದೂ ಅದಕ್ಕಾಗಿಯೇ.

ಸ್ಥಳ ಪುರಾತನವಾದುದು. ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ 1189ರ ಜುಲೈ 4ರಂದು ಫ್ರಾನ್ಸಿನ ದೊರೆ ಎರಡನೆಯ ಫಿಲಿಪ್ಪನೆದುರು ಸೋಲೊಪ್ಪಿಕೊಂಡದ್ದು ಇಲ್ಲಿದ್ದ ಕೋಟೆಯಲ್ಲಿ ಎನ್ನುತ್ತಾರೆ. ಎರಡೇ ದಿನಗಳಲ್ಲಿ ಹೆನ್ರಿ ತೀರಿಕೊಂಡ. ಮೊದಲನೆಯ ಫ್ರಾನ್ಸ್ವಾ ದೊರೆಯ ಹಣಕಾಸಿನ ಅಧಿಕಾರಿ ಝಾನ್ ಲ ಬ್ರೆತೊಂ ಆ ಕೋಟೆಯ ಬುರುಜೊಂದನ್ನು ಉಳಿಸಿಕೊಂಡು ಮಿಕ್ಕುದನ್ನು ಕೆಡವಿಸಿ, 1536ರ ಸುಮಾರಿಗೆ ಈಗಿನ ಅರಮನೆಯನ್ನು ಕಟ್ಟಿಸಿದ. ಶಾಂಬೋರ್ ಅರಮನೆಯ ಕೆಲಸದ ಮೇಲ್ವಿಚಾರಣೆ ನಡೆಸಿದವನೂ ಅವನೇ. ಇಟಲಿಯ ಉದ್ಯಾನಕಲೆಯನ್ನು ಕಣ್ಣಾರೆ ಕಂಡು ಬಂದವನು.

ಹಾಗಾದರೆ ಇಂದು ನಾವು ನೋಡುವುದು ಲ ಬ್ರೆತೊಂ ಮಾಡಿಸಿದ ತೋಟವೇ? ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಅಳಿಸಿ, ಆ ಕಾಲದ ಅಭಿರುಚಿಯಂತೆ ಇಂಗ್ಲಿಷ್ ಮಾದರಿಯ ಉಪವನವನ್ನು ಮಾಡಿದ್ದರು. 1906ರಲ್ಲಿ ಸ್ಪೇನಿನ ವೈದ್ಯವಿಜ್ಞಾನಿ ಜೊವಾಕಿಮ್ ಕಾರ್ವಾಲೊ, ಅಮೆರಿಕದವರಾದ ತಮ್ಮ ಪತ್ನಿ ಆನ್ ಕೋಲ್ಮನ್ ಅವರೊಡನೆ ಅರಮನೆಯನ್ನು ಕೊಂಡರು. ನೊಬೆಲ್ ಪ್ರಶಸ್ತಿ ಪಡೆದ ಶಾರ್ಲ್ ರಿಶೆಯವರ ಜೊತೆ ಸಂಶೋಧನೆ ನಡೆಸಿದ್ದ ಅವರು ಅದನ್ನು ಬಿಟ್ಟು ಮಣ್ಣಿಗಿಳಿದರು. ಹದಿನಾರನೆಯ ಶತಮಾನದಲ್ಲಿ ದ್ಯು ಸೆರ್ಸೊ ಬಿಡಿಸಿದ ಫ್ರೆಂಚ್ ಅರಮನೆಗಳ ಚಿತ್ರಗಳು ಅವರಿಗೆ ಆಧಾರವಾದವು.

ಹಳಗನ್ನಡ ಪಾಠ ಹೇಳುವ ನನಗೆ ಈ ಕೆಲಸ ಅಪರಿಚಿತವೆನಿಸಲಿಲ್ಲ. ಮೂಲಪ್ರತಿ ನಷ್ಟವಾಗಿದೆ, ಸಮಕಾಲೀನ ಪ್ರತಿಗಳನ್ನು ಮುಂದಿಟ್ಟುಕೊಂಡು ಲುಪ್ತವಾದ ಪಾಠವನ್ನು ಊಹಿಸಬೇಕು. ಇದು ಗ್ರಂಥಸಂಪಾದನೆಯಲ್ಲದೆ ಮತ್ತೇನು?

ಕೆಳಗಿನ ಅಂತಸ್ತಿನಲ್ಲಿ ತರಕಾರಿ ತೋಟವಿದೆ. ಸಮ ಅಳತೆಯ ಒಂಬತ್ತು ಚೌಕಗಳು. ಒಂದರ ರಚನೆ ಇನ್ನೊಂದಕ್ಕಿಲ್ಲ. ಕೋಸು, ಬೀಟ್‌ರೂಟ್, ಕ್ಯಾರೆಟ್ಟುಗಳ ನೀಲಿ, ಕೆಂಪು, ಹಸಿರುಗಳಿಂದಲೇ ರಂಗವಲ್ಲಿ ಹಾಕಿದಂತಿದೆ. ಮೇಲಿನ ಅಂತಸ್ತಿನಲ್ಲಿ, ಕತ್ತರಿಸಿ ರೂಪಿಸಿದ ಕುಳ್ಳು ಬೇಲಿಗಿಡಗಳು ಪ್ರೇಮದ ನಾಲ್ಕು ಅವಸ್ಥೆಗಳನ್ನು ಬರೆದಿವೆ: ಕೋಮಲ ಪ್ರೇಮಕ್ಕೆ ಹೃದಯಗಳು, ದುರಂತ ಪ್ರೇಮಕ್ಕೆ ಕತ್ತಿಗಳು. ನೋಡಿದವರು ಇದನ್ನು ಹದಿನಾರನೆಯ ಶತಮಾನದ್ದೆಂದೇ ನಂಬುವರು. ಆದರೆ ಇದು ಇಪ್ಪತ್ತನೆಯ ಶತಮಾನದ ಕಲ್ಪನೆ. ನಮ್ಮ ಪರಿಭಾಷೆಯಲ್ಲಿ, ಪ್ರಕ್ಷಿಪ್ತ ಭಾಗ.

ಸುಂದರವಾದ ಪ್ರಕ್ಷೇಪವನ್ನು ಕಿತ್ತೆಸೆಯಬೇಕೆಂದು ನಾನು ಹೇಳಲಾರೆ. ಅದು ಪ್ರಕ್ಷೇಪವೆಂದು ಹೇಳಿ ಉಳಿಸಿಕೊಳ್ಳಬೇಕು, ಅಷ್ಟೆ. ಹೇಳದಿದ್ದರೆ ಇನ್ನೆರಡು ತಲೆಮಾರಿನಲ್ಲಿ ಅದೇ ಮೂಲವೆನಿಸಿಕೊಂಡು, ಕಳೆದುಹೋದ ತೋಟ ಕಳೆದುಹೋಗಿದೆಯೆಂಬ ಅರಿವೂ ಅಳಿಸಿಹೋದೀತು.

ಕಲ್ಲಿನ ಬುರುಜು ಯಾರು ಮರೆತರೂ ಶತಮಾನಗಳ ಕಾಲ ನಿಂತೀತು. ಕೋಸಿನ ಮಡಿಗೆ ಆ ಆಯುಸ್ಸೆಲ್ಲಿ? ವಿಲಾಂದ್ರಿಯ ಮಾಲಿಗಳು ವರ್ಷಕ್ಕೆರಡು ಬಾರಿ ಆ ಒಂಬತ್ತು ಚೌಕಗಳನ್ನು ಹೊಸದಾಗಿ ನೆಡುತ್ತಾರೆ. ಹುಳು ತಿನ್ನುವ ಓಲೆಗರಿಯ ಕಾವ್ಯವನ್ನು ತಲೆಮಾರಿಗೊಮ್ಮೆ ಪ್ರತಿ ಮಾಡಿದ ಲಿಪಿಕಾರರ ಸಾಲಿಗೆ, ನನ್ನ ದೃಷ್ಟಿಯಲ್ಲಿ, ಅವರೂ ಸೇರಿದವರು.