ಗಡಿ ದಾಟಿದವರಿಗೆ ಕಾಲೇಜು

1933ರ ಏಪ್ರಿಲಿನಲ್ಲಿ ಹಿಟ್ಲರ್ ಸರ್ಕಾರದ ಒಂದು ಕಾನೂನು ಯೆಹೂದಿ ಪ್ರಾಧ್ಯಾಪಕರನ್ನು ಜರ್ಮನಿಯ ವಿಶ್ವವಿದ್ಯಾಲಯಗಳಿಂದ ಹೊರದಬ್ಬಿತು. ಅದೇ ತಿಂಗಳ ಇನ್ನೊಂದು ಕಾನೂನು ಹೊಸದಾಗಿ ಸೇರುವ ಯೆಹೂದಿ ವಿದ್ಯಾರ್ಥಿಗಳ ಪಾಲನ್ನು ಶೇ 1.5ಕ್ಕೆ ಇಳಿಸಿತು. ಗೊಟ್ಟಿಂಗೆನ್ನಿನ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಅವರ ಆಹ್ವಾನದಂತೆ 1935–36ರ ಚಳಿಗಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರನ್ನು ಇಲ್ಲೇ ಉಳಿಸಿಕೊಳ್ಳಲು ರಾಮನ್ ಮಾಡಿದ ಪ್ರಯತ್ನ ಫಲಿಸಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂತು. ಬ್ರಿಟನ್ನಿನಲ್ಲಿ ವಿಲಿಯಂ ಬೆವರಿಜ್ ಮತ್ತಿತರರು 1933ರಲ್ಲೇ ಕಟ್ಟಿದ ಅಕಾಡೆಮಿಕ್ ಅಸಿಸ್ಟೆನ್ಸ್ ಕೌನ್ಸಿಲ್ ಇಂಥವರಿಗೆ ಕೆಲಸ ಹುಡುಕಿಕೊಡುತ್ತಿತ್ತು. ಅದು ಕೈಹಿಡಿದದ್ದು ವಿದ್ವಾಂಸರನ್ನು. ಪದವಿಯೇ ಇಲ್ಲದ ಹದಿನೆಂಟರ ನಿರಾಶ್ರಿತರ ಗತಿಯೇನು ಎಂಬುದು ಬೇರೆಯೇ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಗೆ 1951ರ ನಿರಾಶ್ರಿತರ ಒಪ್ಪಂದ ಕೊಟ್ಟದ್ದು ಅರ್ಧ ಉತ್ತರ. ಅದರ 22ನೇ ವಿಧಿಯ ಪ್ರಕಾರ ಪ್ರಾಥಮಿಕ ಶಿಕ್ಷಣದಲ್ಲಿ ನಿರಾಶ್ರಿತ ಮಗು ಸ್ವದೇಶಿ ಮಗುವಿಗೆ ಸಮಾನ. ಅದರಿಂದಾಚೆಗಿನ ಓದು, ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ, ಹೊರದೇಶದ ಪ್ರಮಾಣಪತ್ರಗಳ ಮಾನ್ಯತೆ ಇವೆಲ್ಲದರಲ್ಲಿ ಸಾಧ್ಯವಾದಷ್ಟು ಅನುಕೂಲ ಮಾಡಿಕೊಡಬೇಕು. ಕನಿಷ್ಠ ಇತರ ವಿದೇಶೀಯರಿಗೆ ಸಿಗುವಷ್ಟಾದರೂ ಸಿಗಬೇಕು. ಅಂದರೆ ಶಾಲೆ ಹಕ್ಕಾಯಿತು, ಕಾಲೇಜು ಆತಿಥೇಯ ದೇಶದ ಔದಾರ್ಯಕ್ಕೆ ಬಿಟ್ಟ ಮಾತಾಯಿತು. ಮುಂದಿನ ಎಪ್ಪತ್ತು ವರ್ಷಗಳ ಪ್ರಯತ್ನಗಳೆಲ್ಲ ಈ ಅಂತರವನ್ನು ತುಂಬುವ ಪ್ರಯತ್ನಗಳೇ.

ಮೊದಲ ದಾರಿ, ವಿದ್ಯಾಸಂಸ್ಥೆಯನ್ನೇ ಹೊತ್ತು ತರುವುದು. 1956ರ ಹಂಗೇರಿ ದಂಗೆಯ ನಂತರ ಸೊಪ್ರೊನ್ ಅರಣ್ಯಶಾಸ್ತ್ರ ಕಾಲೇಜಿನ ಸುಮಾರು 200 ವಿದ್ಯಾರ್ಥಿಗಳು ಅಧ್ಯಾಪಕರೊಂದಿಗೆ ಕೆನಡಾಕ್ಕೆ ಹೋಗಿ, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಓದು ಮುಗಿಸಿದರು. ಟಿಬೆಟನ್ನರು ಮಾಡಿದ್ದೂ ಇದನ್ನೇ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಮೈಸೂರು ರಾಜ್ಯ ಕೊಟ್ಟ ಜಮೀನಿನಲ್ಲಿ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿದ ಅವರು ಸೆರಾ, ಗಾಂದೆನ್, ಡ್ರೆಪುಂಗ್ ಎಂಬ ತಮ್ಮ ಹಳೆಯ ವಿದ್ಯಾಪೀಠಗಳನ್ನು ಇಲ್ಲಿ ಮತ್ತೆ ಕಟ್ಟಿಕೊಂಡರು. 2016ರಲ್ಲಿ ಇಪ್ಪತ್ತು ಭಿಕ್ಷುಣಿಯರು ಅತ್ಯುನ್ನತ ‘ಗೆಶೆಮಾ’ ಪದವಿ ಪಡೆದದ್ದು ಮುಂಡಗೋಡಿನಲ್ಲೇ. ಉತ್ತರದಲ್ಲಿ ಸಾರನಾಥದ ಟಿಬೆಟನ್ ಸಂಸ್ಥೆ 1967ರಲ್ಲಿ ಹುಟ್ಟಿ, 1988ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು.

ಎರಡನೆಯ ದಾರಿ ವಿದ್ಯಾರ್ಥಿವೇತನ. ಕೆನಡಾದ ವರ್ಲ್ಡ್ ಯೂನಿವರ್ಸಿಟಿ ಸರ್ವಿಸ್ 1978ರಿಂದ ನಿರಾಶ್ರಿತ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುತ್ತಿದೆ. ಹಲವು ಕ್ಯಾಂಪಸ್‌ಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳು ತಮ್ಮ ಶುಲ್ಕದ ಜೊತೆ ಕೊಡುವ ಕೆಲವು ಡಾಲರುಗಳೇ ಈ ಯೋಜನೆಯ ಬಂಡವಾಳ. ಬಂದವರಿಗೆ ಸೀಟಿನ ಜೊತೆ ಕಾಯಂ ನಿವಾಸದ ಹಕ್ಕೂ ಸಿಗುತ್ತದೆ. 1992ರಲ್ಲಿ ಜರ್ಮನ್ ಸರ್ಕಾರದ ಹಣದಿಂದ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಆರಂಭಿಸಿದ, ಐನ್‌ಸ್ಟೈನ್ ಹೆಸರಿನ ‘ಡಾಫಿ’ ಯೋಜನೆ ಈವರೆಗೆ 20 ಸಾವಿರಕ್ಕೂ ಹೆಚ್ಚು ಮಂದಿಯನ್ನು, ಬಹುತೇಕ ಅವರು ಆಶ್ರಯ ಪಡೆದ ದೇಶದಲ್ಲೇ ಓದಿಸಿದೆ. ಆದರೆ ಜಗತ್ತಿನ ನಿರಾಶ್ರಿತರ ಸಂಖ್ಯೆಯ ಮುಂದೆ ಇದು ಬಲು ಚಿಕ್ಕದು.

ಮೂರನೆಯದು, ತರಗತಿಯನ್ನು ಶಿಬಿರಕ್ಕೇ ಒಯ್ಯುವುದು. ಕೆನ್ಯಾದ ದಡಾಬ್ ಶಿಬಿರದಿಂದ ಹೊರಹೋಗಲು ನಿರಾಶ್ರಿತರಿಗೆ ಪರವಾನಗಿ ಬೇಕು. ಹಾಗಾಗಿ 2013ರಲ್ಲಿ ಕೆನಡಾದ ಯಾರ್ಕ್ ಮತ್ತು ಕೆನ್ಯಾದ ಕೆನ್ಯಾಟ್ಟಾ, ಮೊಯಿ ಮೊದಲಾದ ವಿಶ್ವವಿದ್ಯಾಲಯಗಳು ಕೂಡಿ ಅಲ್ಲೇ ಪಾಠ ಶುರುಮಾಡಿದವು. ಆನ್‌ಲೈನ್ ಪಾಠದ ಜೊತೆ ಎದುರುಬದುರು ಕೂತು ಕಲಿಯುವ ಕೇಂದ್ರವನ್ನೂ ತೆರೆದದ್ದು ಇದರ ಜಾಣತನ. ಶಿಬಿರದ ಶಾಲಾಶಿಕ್ಷಕರು ಸರ್ಟಿಫಿಕೇಟ್, ಡಿಪ್ಲೊಮಾ, ಪದವಿ ಎಂದು ಒಂದೊಂದೇ ಮೆಟ್ಟಿಲು ಹತ್ತುವಂತೆ ಕೋರ್ಸನ್ನು ರೂಪಿಸಿದ್ದರು.

2015ರ ಹೊತ್ತಿಗೆ ಸಿರಿಯಾದ ಯುದ್ಧ ಇನ್ನೊಂದು ತೊಡಕನ್ನು ಎಲ್ಲರ ಮುಂದಿಟ್ಟಿತು. ಯುರೋಪಿಗೆ ಬಂದವರಲ್ಲಿ ಅನೇಕರು ಅದಾಗಲೇ ಕಾಲೇಜು ಮೆಟ್ಟಿಲು ಹತ್ತಿದವರು. ಅವರಲ್ಲಿ ಓದು ಇತ್ತು, ಅಂಕಪಟ್ಟಿ ಇರಲಿಲ್ಲ. ದಾಖಲೆ ಕಳೆದುಕೊಂಡವರನ್ನು ಸೇರಿಸಿಕೊಳ್ಳುವ ವಿಧಾನವನ್ನು ಜರ್ಮನಿಯ ರಾಜ್ಯಗಳ ಶಿಕ್ಷಣ ಸಚಿವರು ಅದೇ ವರ್ಷ ಹೊಸದಾಗಿ ಗೊತ್ತುಮಾಡಿದರು. ನಾರ್ವೆ ಪ್ರಯೋಗ ಮಾಡಿದ ಕ್ರಮವನ್ನು ಕೌನ್ಸಿಲ್ ಆಫ್ ಯುರೋಪ್ 2017ರಲ್ಲಿ ‘ಅರ್ಹತಾ ಪಾಸ್‌ಪೋರ್ಟ್’ ಆಗಿ ವಿಸ್ತರಿಸಿತು: ಉಳಿದಿರುವ ಕಾಗದಪತ್ರಗಳನ್ನು ನೋಡಿ, ತಜ್ಞರು ಸಂದರ್ಶನ ನಡೆಸಿ, ಅಭ್ಯರ್ಥಿ ಎಲ್ಲಿಯವರೆಗೆ ಓದಿದ್ದಾರೆಂದು ಬರೆದುಕೊಡುತ್ತಾರೆ. ಕಟ್ಟಡ ಬೇಡ, ಕೋಟಿಗಟ್ಟಲೆ ಹಣ ಬೇಡ. ಈ ಕ್ಷೇತ್ರ ಕಂಡ ಅತಿ ಅಗ್ಗದ, ಅತಿ ಉಪಯುಕ್ತ ಸುಧಾರಣೆ ಇದೇ.

2016ರ ಸುಮಾರಿಗೆ ನಿರಾಶ್ರಿತ ಯುವಜನರಲ್ಲಿ ಉನ್ನತ ಶಿಕ್ಷಣ ತಲುಪುತ್ತಿದ್ದವರು ಶೇ 1. 2019ರಲ್ಲಿ ಈ ಪ್ರಮಾಣ ಶೇ 3ಕ್ಕೆ ಏರಿದಾಗ, 2030ರೊಳಗೆ ಅದನ್ನು ಶೇ 15ಕ್ಕೆ ಒಯ್ಯುವ ಗುರಿಯನ್ನು ವಿಶ್ವಸಂಸ್ಥೆ ಇಟ್ಟುಕೊಂಡಿತು. 2024ರ ವರದಿಯಲ್ಲಿ ಅದು ಶೇ 7. ಜಗತ್ತಿನ ಸರಾಸರಿ ಶೇ 40ಕ್ಕೂ ಹೆಚ್ಚು. ಪ್ರೌಢಶಾಲೆಯನ್ನೇ ಅರ್ಧಕ್ಕಿಂತ ಹೆಚ್ಚು ಮಂದಿ ತಲುಪದಿರುವಾಗ ಕಾಲೇಜಿನ ಲೆಕ್ಕ ಒಮ್ಮೆಲೇ ಮೇಲೇರದು.

ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಇಲ್ಲಿನ ನಿರಾಶ್ರಿತರ ಓದು ಆಯಾ ಸರ್ಕಾರದ ಆದೇಶವನ್ನು ನೆಚ್ಚಿಕೊಂಡಿದೆ. 1991ರ ರಾಜೀವ್ ಗಾಂಧಿ ಹತ್ಯೆಯ ನಂತರ ತಮಿಳುನಾಡಿನಲ್ಲಿ ಶ್ರೀಲಂಕಾ ತಮಿಳರ ಮಕ್ಕಳ ಪ್ರವೇಶಕ್ಕೆ ತಡೆ ಬಿತ್ತು. 2021ರಲ್ಲಿ ಅದೇ ರಾಜ್ಯ ಅವರಿಗೆ ಪ್ರಕಟಿಸಿದ ₹317 ಕೋಟಿಯ ಯೋಜನೆಯಲ್ಲಿ ಕಾಲೇಜು ಓದಿನ ನೆರವೂ ಸೇರಿತ್ತು. ಆದೇಶ ಕೊಟ್ಟದ್ದನ್ನು ಆದೇಶವೇ ಕಿತ್ತುಕೊಳ್ಳಬಲ್ಲದು.

ಆದ್ದರಿಂದ ಇನ್ನೊಂದು ವಿದ್ಯಾರ್ಥಿವೇತನಕ್ಕಿಂತ ಮುಖ್ಯವಾದದ್ದು ಮೂರು ನಿಯಮಗಳು: ನಿರಾಶ್ರಿತರಿಗೆ ವಿದೇಶಿ ವಿದ್ಯಾರ್ಥಿಗಳ ದುಬಾರಿ ಶುಲ್ಕ ಹಾಕಬಾರದು, ಕಳೆದ ಅಂಕಪಟ್ಟಿಗೆ ಬದಲಾಗಿ ಪರೀಕ್ಷೆ ಅಥವಾ ಸಂದರ್ಶನವನ್ನು ಒಪ್ಪಬೇಕು, ಪದವಿ ಪಡೆದವರಿಗೆ ದುಡಿಯುವ ಅನುಮತಿ ಕೊಡಬೇಕು. ಮೊದಲೆರಡನ್ನು ಬರೆದಿಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಈಗಲೇ ಆರಂಭಿಸಬಹುದು. ಟಿಬೆಟನ್ನರ ಜೊತೆ ಅರವತ್ತು ವರ್ಷ ಬಾಳಿದ ಕರ್ನಾಟಕ ಅದರಲ್ಲಿ ಮೊದಲ ಹೆಜ್ಜೆ ಇಡಲಿ.