ಗಂಗಾಮೂಲದ ಮಗಳು, ಕೇಡಗಾಂವ್‌ನ ಅಮ್ಮ

ಬಾರಾಮತಿಯಲ್ಲಿ ನೆಲೆನಿಂತ ಕಲಬುರಗಿ ಕಡೆಯ ಕ್ರೈಸ್ತರು ನಾವು. ನಂಬುವುದು ಬೇರೆ, ಶಿಷ್ಯರಾಗುವುದು ಬೇರೆ ಎಂದು ಪಾದ್ರಿಗಳು ಹೇಳಿದಾಗೆಲ್ಲ ನನಗೆ ಮೊದಲು ನೆನಪಾಗುವವರು ಇದೇ ಪುಣೆ ಜಿಲ್ಲೆಯ ಕೇಡಗಾಂವ್‌ನ ಪಂಡಿತಾ ರಮಾಬಾಯಿ. ನಮ್ಮವರೇ ಅನ್ನಿ: ತಂದೆ ಅನಂತಶಾಸ್ತ್ರಿಗಳದು ಕಾರ್ಕಳದ ಮಾಳ, ಆಕೆ ಹುಟ್ಟಿದ್ದು 1858ರಲ್ಲಿ, ಗಂಗಾಮೂಲದ ಕಾಡಿನಲ್ಲಿ.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನವಾಯಿತು. ಆದರೆ ತನಗೆ ಸಿಕ್ಕಿದ್ದು ಕ್ರೈಸ್ತಮತವೇ ಹೊರತು ಕ್ರಿಸ್ತನಲ್ಲ ಎಂದು ಹಲವು ವರ್ಷಗಳ ನಂತರ ಆಕೆಗೇ ಅನ್ನಿಸಿತು. ಹಾಗೆ ಬರೆದೂಬಿಟ್ಟರು! ಇಷ್ಟು ನೇರವಾಗಿ ಒಪ್ಪಿಕೊಳ್ಳುವವರು ನಮ್ಮ ಸಭೆಗಳಲ್ಲಿ ಕಡಿಮೆ.

ಮುಂದಿನದೆಲ್ಲ ದುಡಿಮೆ. 1874ರ ಹೊತ್ತಿಗೆ ಬರಗಾಲದಲ್ಲಿ ಹೆತ್ತವರನ್ನು ಕಳೆದುಕೊಂಡು ಹಸಿವು ಉಂಡವರು, 1896-97ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಕೇಡಗಾಂವ್‌ನ ಒಣ ನೆಲದಲ್ಲಿ ಬಾವಿ ತೋಡಿಸಿದರು. ಆ ಹೆಣ್ಣುಮಕ್ಕಳಿಗೆ ಆಸರೆಯಾಗಿ ಮುಕ್ತಿ ಸದನ ಎದ್ದಿತು. ಹುಡುಗಿಯರು ಮಗ್ಗ ಹಿಡಿದರು, ಹೊಲದಲ್ಲಿ ದುಡಿದರು. ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದವರೂ ಅವರೇ. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಗೆ ಇಡೀ ಬೈಬಲ್ ತಂದರು. ಸಂಸ್ಕೃತದಲ್ಲೇ ಬೆಳೆದು 'ಸರಸ್ವತಿ' ಬಿರುದು ಪಡೆದ ಪಂಡಿತೆ ಆಡುಮಾತಿಗೆ ಇಳಿದದ್ದೇ, ನನ್ನ ಮಟ್ಟಿಗೆ, ಆಕೆಯ ಶಿಷ್ಯತ್ವದ ದೊಡ್ಡ ಗುರುತು. ಮುಕ್ತಿ ಸದನದಲ್ಲಿ 1905ರಲ್ಲಿ ಆದ ಆತ್ಮಿಕ ಉಜ್ಜೀವನದ ಬಗ್ಗೆ ಜನ ಹೆಚ್ಚು ಮಾತಾಡುತ್ತಾರೆ. ನನಗೆ ಆ ಬಾವಿಗಳೇ ಹೆಚ್ಚು.

ಮಗಳು ಮನೋರಮಾ ನೆರವಿನಿಂದ 1912ರ ಸುಮಾರಿಗೆ ನಮ್ಮ ಕಲಬುರಗಿಯಲ್ಲೂ ಶಾಲೆ ತೆರೆದರು. ಮಗಳು 1921ರಲ್ಲಿ ತೀರಿಕೊಂಡರು. ಮರುವರ್ಷ ಏಪ್ರಿಲ್ 5ರಂದು ತಾಯಿಯೂ ಹೋದರು, ಅನುವಾದದ ಕೆಲಸ ಮುಗಿಸಿಯೇ.