ಶಾಸನಕ್ಕೆ ಮೊದಲಿನ ಮಂಗಳೂರು

ಮಂಗಳೂರಿನ ಇತಿಹಾಸವನ್ನು ಆಳುಪರಿಂದ ಆರಂಭಿಸುವುದು ನಮ್ಮಲ್ಲಿ ರೂಢಿಯಾಗಿದೆ. ಕರಾವಳಿಯ ಹಳೆಯ ಕನ್ನಡ ಶಾಸನಗಳಲ್ಲಿ ಪ್ರಸಿದ್ಧವಾದ ವಡ್ಡರ್ಸೆಯ ಶಾಸನ ಏಳನೆಯ ಶತಮಾನದ್ದು. ಕದ್ರಿಯ ಲೋಕೇಶ್ವರ ವಿಗ್ರಹದ ಶಾಸನ ಕ್ರಿ.ಶ. 968ರದು. ಅಕ್ಷರವನ್ನೇ ನೆಚ್ಚಿದ ಸಾಹಿತ್ಯ ವಿದ್ಯಾರ್ಥಿಗೆ ಅದರಿಂದ ಹಿಂದಿನದೆಲ್ಲ ಬರಿದಾಗಿ ತೋರುವುದು ಸಹಜ. ಆದರೆ ನಗರದ ಪದವಿನಂಗಡಿಯ ಸಮೀಪದ ಮೇರಿಹಿಲ್‌ನಿಂದ ಸೂಕ್ಷ್ಮ ಶಿಲಾಯುಗದ ಉಪಕರಣಗಳು ವರದಿಯಾಗಿವೆ.

ಊರಿನ ಹೆಸರಿನಲ್ಲೇ ಒಂದು ಸುಳಿವಿದೆ. ಪದವು ಎಂದರೆ ತುಳುನಾಡಿನಲ್ಲಿ ಮುರಕಲ್ಲಿನ, ನೆತ್ತಿ ಚಪ್ಪಟೆಯಾದ ಎತ್ತರದ ಬಯಲು. ಹೊಳೆ, ಕಣಿವೆಗಳ ಮೇಲೆ ಕಣ್ಣಿಡಲು ಬೇಟೆಗಾರರಿಗೆ ಇಂಥ ನೆಲ ಅನುಕೂಲ. ಆದರೆ ಮುರಕಲ್ಲು ರಂಧ್ರಮಯ. ಅದರಿಂದ ಹರಿತವಾದ ಅಲಗು ಏಳದು. ಅದಕ್ಕೆ ಬೆಣಚುಕಲ್ಲೇ ಬೇಕು. ಬೆಣಚುಕಲ್ಲೂ ಹಟಮಾರಿ, ಬಯಸಿದಂತೆ ಸೀಳುವುದಿಲ್ಲ. ಹೀಗಾಗಿ ಮನುಷ್ಯ ಒಡೆದ ಚಕ್ಕೆಯನ್ನೂ ತಾನಾಗಿ ಒಡೆದ ಚೂರನ್ನೂ ಬೇರ್ಪಡಿಸುವುದು ಪರಿಣತರಿಗೂ ಸುಲಭವಲ್ಲ. ಬಿಡಿಯಾದ ಒಂದು ಚೂರಿನಿಂದ ಏನನ್ನೂ ಸಾಧಿಸಲಾಗದು. ಹಲವು ಮುಖಗಳಲ್ಲಿ ಚಕ್ಕೆ ತೆಗೆದ ತಿರುಳುಗಲ್ಲು, ಬೆನ್ನನ್ನು ಮೊಂಡಾಗಿಸಿದ ಅರ್ಧಚಂದ್ರಾಕಾರದ ಅಲಗು, ಕೆಲಸದಲ್ಲಿ ಉಳಿದ ಪುಡಿಚೂರು, ಇವು ಒಂದೆಡೆ ಕೂಡಿ ಸಿಕ್ಕಾಗಲೇ ಅದು ಮಾನವನ ಕೈಗೆಲಸದ ನೆಲೆ.

ಇವನ್ನು ‘ಕರಾವಳಿಯ’ ನೆಲೆಗಳೆನ್ನುವಾಗಲೂ ಎಚ್ಚರ ಬೇಕು. ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ತೀರರೇಖೆ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕಿತ್ತು. ಅಂದಿನ ನಿಜವಾದ ಕಡಲತಡಿಯ ಬೀಡುಗಳು ಈಗ ಅರಬ್ಬೀ ಸಮುದ್ರದಡಿ ಇವೆ. ನಮಗೆ ಉಳಿದಿರುವುದು ಒಳನಾಡಿನ ಗುಡ್ಡಗಳ ಅಂಚು ಮಾತ್ರ. ಅಲ್ಲಿಯೂ ಭಾರಿ ಮಳೆಯ ಆಮ್ಲೀಯ ಮಣ್ಣು ಎಲುಬನ್ನು ಉಳಿಸದು. ತಿಂದದ್ದೇನು, ಸತ್ತವರನ್ನು ಹೂಳಿದ್ದೆಲ್ಲಿ ಎಂಬ ಪ್ರಶ್ನೆಗಳಿಗೆ ಕಲ್ಲೊಂದೇ ಉತ್ತರಿಸಬೇಕಾಗಿದೆ. ಕಲ್ಲು ಉತ್ತರಿಸುವುದೂ ಬಿದ್ದ ಜಾಗದಲ್ಲೇ ಇದ್ದಾಗ. ಮುರಕಲ್ಲಿನ ಕೋರೆಗಾಗಿ ಮೇಲ್ಮಣ್ಣನ್ನು ಕೆರೆದು ಬದಿಗೊತ್ತಿದ ಮೇಲೆ ಅದು ಬರಿಯ ಜಲ್ಲಿ.

ಈ ಆತಂಕ ಕಲ್ಪಿತವಲ್ಲ. ಮೂಡುಬಿದಿರೆಯ ಬಳಿಯ ಮೂಡುಕೊಣಾಜೆಯಲ್ಲಿ, ಇದಕ್ಕಿಂತ ಬಹಳ ಈಚಿನ ಬೃಹತ್ ಶಿಲಾಯುಗದ ಕಲ್ಮನೆ ಸಮಾಧಿಗಳಿವೆ. ಜನ ಅವನ್ನು ಪಾಂಡವರ ಕಲ್ಲು ಎನ್ನುತ್ತಾರೆ; ಹಳಮೆಯನ್ನು ಗುರುತಿಸಲು ಜನರಿಗಿದ್ದ ಅಳತೆಗೋಲು ಮಹಾಭಾರತವೇ. 1980ರ ದಶಕದಲ್ಲಿ ಪುಂಡಿಕಾಯಿ ಗಣಪಯ್ಯ ಭಟ್ಟರು ಅಲ್ಲಿ ಒಂಬತ್ತು ಸಮಾಧಿಗಳನ್ನು ವರದಿ ಮಾಡಿದ್ದರು. 2023ರಲ್ಲಿ ಶಿರ್ವದ ಪ್ರಾಧ್ಯಾಪಕ ಟಿ. ಮುರುಗೇಶಿಯವರು ಅಲ್ಲಿನ ಸುಟ್ಟಮಣ್ಣಿನ ಗೂಳಿ, ನವಿಲು, ಮಾತೃದೇವತೆಯ ಪ್ರತಿಮೆಗಳನ್ನು ಬೆಳಕಿಗೆ ತಂದಾಗ ಉಳಿದಿದ್ದವು ಎರಡೇ. ಆಳೆತ್ತರದ ಹಾಸುಗಲ್ಲುಗಳ ಗತಿಯೇ ಇದು. ಮೇರಿಹಿಲ್‌ನ ಚಕ್ಕೆಗಳು ಉಗುರಿನಷ್ಟು ಅಗಲದವು.